ಕ್ರೋಟನ್ ಕುಂಡದ ಬಿಳಿ ಮಣ್ಣು

ಇಳಕಲ್ಲಿನ ನೇಕಾರರ ಓಣಿಯಲ್ಲಿ ಅಂದಾನಪ್ಪನ ಹೆಂಡತಿ ಗುರುಸಿದ್ದವ್ವ ಒಂದು ಕ್ರೋಟನ್ ಗಿಡ ಸಾಕಿದ್ದಳು. ಬಾದಾಮಿಯ ತಮ್ಮ ಕೊಟ್ಟಿದ್ದು. ಪಡಸಾಲೆಯ ನೆರಳಲ್ಲಿ ಕೆಂಪು ಹಳದಿ ಎಲೆ ಹರಡಿ ನಿಂತಿತ್ತು. ಮನೆಗೆ ಬಂದವರು ಮೊದಲು ಅದನ್ನು ಹೊಗಳಿ ಆಮೇಲೆ ಕೂರುತ್ತಿದ್ದರು. ಎಪ್ಪತ್ತೆಂಟನೇ ಇಸವಿಯ ಮಳೆಗಾಲ ಕಳೆದ ಮೇಲೆ ಆ ಎಲೆಗಳು ಜೋತುಬಿದ್ದವು. ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿತು.

ಯಾರೋ ಸುಣ್ಣ ಹಾಕಿದ್ದಾರೆ ಅಂದುಕೊಂಡಳು ಗುರುಸಿದ್ದವ್ವ. ಯಾರೋ ಏನು ಬಂತು? ಮನೆಯಲ್ಲಿ ಇನ್ನೊಬ್ಬ ಹೆಂಗಸೆಂದರೆ ಮೈದುನನ ಹೆಂಡತಿ ಸಾವಿತ್ರೆವ್ವ. ಶಿರೂರಿನಿಂದ ಬಂದು ವರ್ಷ ತುಂಬದ ನೆಗೆಣ್ಣಿ.

ಒಂದು ಬೆಳಗು ಕಣ್ಣಾರೆ ಕಂಡಳು. ಸಾವಿತ್ರೆವ್ವ ಕುಂಡದ ಮೇಲೆ ಬಾಗಿ ಬಟ್ಟಲು ಬಗ್ಗಿಸುತ್ತಿದ್ದಳು.

“ಏನ್ ಮಾಡಾಕತ್ತೀಯವಾ?”

ಸಾವಿತ್ರೆವ್ವ ತುಟಿ ಬಿಚ್ಚಲಿಲ್ಲ. ಬಟ್ಟಲನ್ನು ಸೆರಗಿನ ಮರೆಗೆ ಸರಿಸಿ ಒಳಗೆ ನಡೆದುಬಿಟ್ಟಳು.

ಆಮೇಲೆ ಗುರುಸಿದ್ದವ್ವ ಎಲೆಅಡಿಕೆಯ ಸುಣ್ಣದ ಡಬ್ಬಿ ತೆರೆದು ನೋಡಿದಳು, ಆ ಬಟ್ಟಲನ್ನು ಮೂಸಿದಳು. ಏನೂ ಸಿಗಲಿಲ್ಲ. ಸಿಗದಿದ್ದುದೇ ಅವಳಿಗೆ ಪುರಾವೆಯಾಯಿತು. ಜಾಣೆ, ತೊಳೆದಿಟ್ಟಿದ್ದಾಳೆ!

“ಗಿಡಾ ಬ್ಯಾರೆ ಕುಂಡಕ್ಕ ಹಚ್ಚತೇನ್ರಿ,” ಅಂದಳು ಗಂಡನಿಗೆ. “ಬುಡದಾಗ ಸುಣ್ಣ ಸಿಕ್ತಂದ್ರ ನಾಳಿಂದ ಒಲಿ ಬ್ಯಾರೆ.”

“ಒಂದು ಗಿಡದ ಸಲುವಾಗಿ ಮನಿ ಒಡೀತಿಯೇನ?”

“ಗಿಡಕ್ಕ ಹಾಕಿದಾಕಿ ನಾಳೆ ಸಾರಿಗೆ ಹಾಕೂದಿಲ್ಲಂತ ಏನ್ ಗ್ಯಾರಂಟಿ?”

ಅಂದಾನಪ್ಪ ಮಗ್ಗದ ಕುಣಿಗೆ ಇಳಿದ. ಒಳಗಿಂದ ಲಾಳಿಯ ಸದ್ದು ಶುರುವಾಯಿತು.

ಗುರುಸಿದ್ದವ್ವ ಸಾವಿತ್ರೆವ್ವನನ್ನೇ ಕೈಗೂಡಿಸಲು ಕರೆದಳು. ಸಹಾಯಕ್ಕಲ್ಲ, ಮುಖ ನೋಡಲಿಕ್ಕೆ. ಕುಂಡ ಅಡ್ಡ ಕೆಡವಿ ತಟ್ಟಿದಳು. ಮಣ್ಣು ಜಾರಿತು, ಜೊತೆಗೆ ಕೊಳೆತ ನಾತ. ಬೇರು ಕಪ್ಪಾಗಿ ಲೋಳೆ ಲೋಳೆ. ನಡುನಡುವೆ ಬಿಳಿ ಹೆಂಟೆ.

“ಇದೇನು?”

“ವಿಭೂತಿ ಅಕ್ಕಾರ.”

ಗುರುಸಿದ್ದವ್ವ ನಂಬದೆ ನಾಲಿಗೆಯ ತುದಿಗೆ ಮುಟ್ಟಿಸಿದಳು. ಸುಣ್ಣವಾಗಿದ್ದರೆ ಸುಡಬೇಕಿತ್ತು. ಸುಡಲಿಲ್ಲ.

“ವಿಭೂತಿ ಹಚ್ಚಿದ ಲಿಂಗಾ ತೊಳದ ನೀರು ಮಂದಿ ತುಳಿಯೂ ಜಾಗಾಕ ಚೆಲ್ಲಬಾರದಂತ ನಮ್ಮವ್ವ ಹೇಳ್ಯಾಳ್ರಿ. ನೀವೂ ಇಲ್ಲೇ ಹಾಕ್ತೀರಿ, ನಾನೂ ಇಲ್ಲೇ ಹಾಕ್ತೇನಿ.”

“ಅವತ್ತ ಕೇಳಿದ್ರ ಯಾಕ ಬಾಯಿ ಬಿಡಲಿಲ್ಲ?”

“ಪೂಜಿ ಮುಗಿಯೂತನಾ ನಾ ಮಾತಾಡಂಗಿಲ್ಲಲ್ರಿ.”

ಅನುಮಾನ ಒಂದು ಬಾಗಿಲು ಮುಚ್ಚಿದರೆ ಕಿಟಕಿಯಿಂದ ಇಣುಕುತ್ತದೆ. “ನೀರಿನಿಂದ ಗಿಡಾ ಸಾಯ್ತದೇನ? ಹೆಚ್ಚಾದದ್ದು ತೂತಿನಾಗ ಇಳದು ಹೋಗಬೇಕಲ್ಲ!” ಎನ್ನುತ್ತ ಗುರುಸಿದ್ದವ್ವ ಕುಂಡ ಬೋರಲು ಹಾಕಿದಳು. ತೂತಿಗೆ ಮೇಣ ಮೆತ್ತಿತ್ತು.

“ಯಾರ್ ಮುಚ್ಯಾರ ಇದನ್ನ?”

ಲಾಳಿಯ ಸದ್ದು ನಿಂತಿತು. ಸಾವಿತ್ರೆವ್ವ ತಲೆ ತಗ್ಗಿಸಿದಳು. ಸಿಕ್ಕಿಬಿದ್ದಳು ಎಂದುಕೊಂಡು ಗುರುಸಿದ್ದವ್ವ ಉಗುರಿನಿಂದ ಮೇಣ ಕಿತ್ತಳು. ಒಳಗಿಂದ ಬಟ್ಟೆಯ ಚೂರೊಂದು ಬಂತು. ಅವಳದೇ ಹಳೆಯ ಸೀರೆಯದು.

ಆಗ ಎಲ್ಲ ನೆನಪಾಯಿತು. ಗಿಡ ಬಂದ ಹೊಸದರಲ್ಲಿ ಪೂಜೆಯ ನೀರು ತೂತಿನಿಂದ ಸೋರಿ ಪಡಸಾಲೆಗೆ ಹರಿದಿತ್ತು. ಯಾರ ಕಾಲಾದರೂ ತಾಗೀತು, ಶಿವನಿಗೆ ಅಪಚಾರವಾದೀತು ಎಂದು ತಾನೇ, ತನ್ನ ಕೈಯಾರೆ, ಬಟ್ಟೆ ತುರುಕಿ ಮೇಣ ಹಚ್ಚಿದ್ದಳು.

“ನಿನಗ ಗೊತ್ತಿತ್ತೇನು?”

“ಗೊತ್ತಿತ್ರಿ. ಬಾಡಾಕತ್ತಾಗ ಎತ್ತಿ ನೋಡಿದ್ದೆ.”

“ಮತ್ತ ಹೇಳಬಾರದೇನ?”

“ಹೇಳಿದ್ರ, ನೀನ ಮುಚ್ಚೀಯಂತ ನನ್ನ ಮ್ಯಾಲೆ ಬರ್ತಿದ್ರಿ.”

ಬರುತ್ತಿದ್ದಳು. ಅದು ಖರೆ ಎಂದು ಗುರುಸಿದ್ದವ್ವನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಒಳಗಿನಿಂದ ಅಂದಾನಪ್ಪ ಕೂಗಿದ: “ಏನ್ ಸಿಕ್ತು?”

“ಮೇಣ!”

“ಯಾರದು?”

ಗುರುಸಿದ್ದವ್ವ ಕೊಳೆತ ಬೇರುಗಳನ್ನು ಒಂದೊಂದಾಗಿ ಕತ್ತರಿಸಿದಳು. “ನಂದು,” ಅಂದಳು.

ಉಳಿದದ್ದು ನಾಲ್ಕೆಳೆ ಬಿಳಿ ಬೇರು. ಹೊಸ ಕುಂಡದ ತೂತಿನ ಮೇಲೆ ಹೆಂಚಿನ ಚೂರಿಟ್ಟು, ಮರಳು ಬೆರೆಸಿದ ಮಣ್ಣು ತುಂಬಿದಳು. ಸಾವಿತ್ರೆವ್ವ ಕಾಂಡವನ್ನು ನೆಟ್ಟಗೆ ಹಿಡಿದಳು. ಮುಖ ಮಾತ್ರ ಆಚೆ ತಿರುಗಿತ್ತು.

“ಬದುಕತದೇನ್ರಿ?”

“ಶಿವಾ ಬಲ್ಲ. ಹೋಗು, ಹಿಟ್ಟು ನಾದು. ನಾ ಒಲಿ ಹಚ್ಚತೇನಿ.”

ಸಾವಿತ್ರೆವ್ವ ಮಣ್ಣಿನ ಕೈ ಝಾಡಿಸಿದಳೇ ಹೊರತು ಏಳಲಿಲ್ಲ. ಈ ಮನೆಯ ಗೋಡೆಗಳು ತೆಳು; ಒಲೆ ಬೇರೆ ಮಾಡುವ ಮಾತು ಅವಳ ಕಿವಿಗೂ ಬಿದ್ದಿತ್ತು.

“ಒಂದ ಒಲಿಯೇನ್ರಿ?”

“ಒಂದ,” ಅಂದಳು ಗುರುಸಿದ್ದವ್ವ, ತಲೆ ಎತ್ತದೆ.