ಆರ್ಡೆಲ್‌ನ ಹುಲ್ಲಿನ ಗಾಡಿ

ಅಲಗು ಕೆಳಗಿಳಿಸಿದ್ದೇ ತಡ, ಹುಲ್ಲು ಕತ್ತರಿಸುವ ಗಾಡಿ ಮತ್ತೆ ಏದುಸಿರು ಬಿಟ್ಟು ನಿಂತಿತು. ಕಪ್ಪು ಸೂಟಿನ ತೋಳು ಮಡಚಿಕೊಂಡು ಅದರ ಮೇಲೆ ಕೂತಿದ್ದ ಲೈಲ್ ಸ್ಟೀರಿಂಗಿಗೊಂದು ಗುದ್ದು ಕೊಟ್ಟ. ಅಮೆರಿಕದ ಅಯೋವಾದ ಮುಸುಕಿನ ಜೋಳದ ಹೊಲಗಳ ನಡುವಿನ ಚಿಕ್ಕ ಚರ್ಚು. ಅದರ ಹಿಂದಿನ ಸ್ಮಶಾನದಲ್ಲಿ ಹುಲ್ಲು ಕಣಕಾಲು ಮುಳುಗುವಷ್ಟು ಬೆಳೆದಿತ್ತು. ದಿನವೂ ಒಂದಿಷ್ಟರಂತೆ ಅದನ್ನು ಕತ್ತರಿಸುತ್ತಿದ್ದ ಅವನ ಅಣ್ಣ ಆರ್ಡೆಲ್ ವಸಂತವಿಡೀ ಆಸ್ಪತ್ರೆಯಲ್ಲಿದ್ದು ತೀರಿಕೊಂಡಿದ್ದ. ಶವಪೆಟ್ಟಿಗೆಯ ಕಾರು ಆಗಲೇ ಪಕ್ಕದೂರಿನಿಂದ ಹೊರಟಿತ್ತು.

"ಸುಮ್ನೆ ಬಿಟ್ರೆ ಚೆನ್ನಾಗೇ ಓಡುತ್ತೆ ಅತ್ತಿಗೆ. ಹುಲ್ಲಿಗೆ ಬಾಯಿ ಹಾಕ್ತಿದ್ದ ಹಾಗೇ ಸಾಯುತ್ತೆ," ಎಂದವನು ನಾಲಿಗೆ ಕಚ್ಚಿಕೊಂಡ.

ಆರ್ಡೆಲ್‌ನ ಹೆಂಡತಿ ಮೇವಿಸ್ ಅವನಿಗಾಗಿ ತೋಡಿದ್ದ ಗುಂಡಿಯ ಪಕ್ಕ ನಿಂತಿದ್ದಳು. "ಊರೋರ ಅಜ್ಜಂದಿರ ಗೋರಿಗೆಲ್ಲ ಕ್ಷೌರ ಮಾಡ್ದೋನು ಅವನು. ಅವನನ್ನೇ ಇಂಥಾ ಕಾಡಲ್ಲಿ ಮಲಗಿಸ್ಲಾ?"

"ಏರ್ ಫಿಲ್ಟರ್ ನೋಡ್ದೆ, ಪ್ಲಗ್ ಬದಲಾಯಿಸ್ದೆ. ನಮ್ಮನೆ ಗಾಡಿ ತಂದುಬಿಡ್ತೀನಿ."

"ಬೇಡ. ಇದೇ ಆಗ್ಬೇಕು."

*

ಮದುವೆಯಾದಾಗಿನಿಂದ ಮೇವಿಸ್ ಅಡುಗೆಗೆಂದು ಗಡಿಯಾರ ನೋಡಿದವಳಲ್ಲ. ಮನೆಯ ಬೇಲಿಯಾಚೆಯ ಸ್ಮಶಾನದಲ್ಲಿ ಗಾಡಿಯ ಸದ್ದು ನಿಂತರೆ ಬೆಂದ ಆಲೂಗಡ್ಡೆಯ ನೀರು ಬಸಿಯುತ್ತಿದ್ದಳು. ಅವನು ಬೂಟನ್ನು ಮೆಟ್ಟಿಲಿಗೆ ಕುಟ್ಟುವಷ್ಟರಲ್ಲಿ ತಟ್ಟೆ ಮೇಜಿನ ಮೇಲಿರುತ್ತಿತ್ತು.

"ಸತ್ತೋರ ಜೊತೆ ಇಷ್ಟು ಹೊತ್ತಾ? ನನ್ನ ಹತ್ರ ಎರಡು ಮಾತಾಡೋಕೆ ಪುರುಸೊತ್ತಿಲ್ಲ."

"ಅವ್ರು ಎದುರು ಮಾತಾಡಲ್ಲ ಕಣೆ," ಎನ್ನುತ್ತ ಆರ್ಡೆಲ್ ಬೆಣ್ಣೆಯ ಬಟ್ಟಲಿಗೆ ಕೈ ಚಾಚುತ್ತಿದ್ದ.

ಆ ಸದ್ದಿಗೆ ತಲೆ ಸಿಡಿಯುತ್ತದೆಂದು ಅವಳು ಎಷ್ಟು ಸಲ ಗೊಣಗಿದ್ದಳೋ! ಈ ವಸಂತದಲ್ಲಿ ಬೇಲಿಯಾಚೆ ಸದ್ದೇ ಇರಲಿಲ್ಲ. ಮಧ್ಯಾಹ್ನ ಯಾವಾಗ ಆಯಿತೆಂದೇ ತಿಳಿಯದೆ ಎಷ್ಟೋ ದಿನ ಉಪವಾಸ ಕೂತಿದ್ದಳು. ಆ ಗಾಡಿ ಇನ್ನೊಂದು ಸಲ ಗುಡುಗುಡು ಎಂದರೆ ಸಾಕು ಎಂದು ಅವಳ ಜೀವ ಹಂಬಲಿಸುತ್ತಿತ್ತು.

*

ಪೆಟ್ರೋಲ್ ಇದೆಯೋ ಇಲ್ಲವೋ ಎಂದು ಲೈಲ್ ಟ್ಯಾಂಕಿನ ಮುಚ್ಚಳ ತಿರುಗಿಸಿದ. ಹುಸ್ಸೆಂದು ಗಾಳಿ ಒಳಗೆ ನುಗ್ಗಿತು.

"ಅಯ್ಯೋ ದೇವರೇ! ಮುಚ್ಚಳದ ತೂತು ಮುಚ್ಚಿಹೋಗಿದೆ. ಗಾಳಿ ಒಳಗೆ ಹೋಗ್ದೆ ಪೆಟ್ರೋಲ್ ಹೇಗೆ ಇಳಿಯುತ್ತೆ?"

"ನಿನ್ನೆ ಇದಕ್ಕೇನು ಮಾಡ್ದೆ ನೀನು?"

"ಇವತ್ತು ಅಣ್ಣನ ದಿನ ಅಂತ ತೊಳೆದು, ಮೇಣದ ಪಾಲಿಶ್ ಹಾಕ್ದೆ."

"ಮುಚ್ಚಳಕ್ಕೂ?"

"ಮುಚ್ಚಳಕ್ಕೂ."

ಮೇವಿಸ್ ನಕ್ಕಳು. "ಅವನು ಇದಕ್ಕೆ ಒಂದಿನಾನೂ ನೀರು ಮುಟ್ಟಿಸ್ಲಿಲ್ಲ. ನೀನು ಮದುಮಗಳ ಹಾಗೆ ಸಿಂಗರಿಸಿ ಉಸಿರು ಕಟ್ಟಿಸ್ಬಿಟ್ಟೆಯಲ್ಲೋ!" ನಗುತ್ತಲೇ ಅಳು ಬಂತು. ಅಳುತ್ತಲೇ ತುರುಬಿನಿಂದ ಪಿನ್ನು ಕಿತ್ತು, ತೂತಿನ ಮೇಣ ಕೆದಕಿ ತೆಗೆದಳು.

ಈ ಸಲ ಅಲಗು ಇಳಿದರೂ ಗಾಡಿ ಸೊರಗಲಿಲ್ಲ. ಗುಂಡಿಯ ಸುತ್ತ ಹುಲ್ಲು ಸಾಲುಸಾಲಾಗಿ ಮಲಗಿತು. ಕೊನೆಯ ಸಾಲು ಮುಗಿಸಿ ಲೈಲ್ ಅಲಗು ಎತ್ತುವ ಹೊತ್ತಿಗೆ ಪೆಟ್ಟಿಗೆ ಹೊತ್ತವರು ಗೇಟು ದಾಟಿ ಬಂದಿದ್ದರು. ಅವನ ಕೈ ಕೀಲಿಯತ್ತ ಹೋಯಿತು.

"ಆರಿಸ್ಬೇಡ," ಎಂದಳು ಮೇವಿಸ್.

"ಪಾಸ್ಟರ್ ಓದೋದು ಯಾರಿಗೂ ಕೇಳಿಸಲ್ಲ ಅತ್ತಿಗೆ."

"ಅದು ನಿಂತ್ರೆ ನಾನು ತಟ್ಟೆ ಇಡ್ಬೇಕು ಲೈಲ್. ಯಾರಿಗಂತ ಇಡಲಿ?"

ಲೈಲ್ ಕೈ ಹಿಂದಕ್ಕೆ ತೆಗೆದುಕೊಂಡ. ಪಾಸ್ಟರ್ ತೆರೆದಿದ್ದ ಪುಸ್ತಕವನ್ನು ಬೆರಳಿಟ್ಟು ಮುಚ್ಚಿದರು. ಊರಿನವರೆಲ್ಲ ಟೋಪಿ ತೆಗೆದು, ಪೆಟ್ಟಿಗೆಯ ಸುತ್ತ ತಲೆ ತಗ್ಗಿಸಿ, ಗಾಡಿಯ ಸದ್ದು ಕೇಳುತ್ತ ನಿಂತರು.