ಮೂರನೇ ಟಕ್

ನಮ್ಮ ಗ್ಯಾರೇಜಿನಲ್ಲಿ ಅಪ್ಪ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಟಾರ್ಕ್ ಕನ್ವರ್ಟರ್ ಕೂರಿಸುವಾಗ ಯಾರೂ ತುಟಿಪಿಟಕ್ಕೆನ್ನಬಾರದು. ಹೊಟ್ಟೆ ತುಂಬ ಎಣ್ಣೆ ಕುಡಿದ ಆ ಕಬ್ಬಿಣದ ಕುಂಬಳಕಾಯಿಯನ್ನು ಒತ್ತುತ್ತ ತಿರುಗಿಸಿದರೆ, ಹಲ್ಲಿಗೆ ಹಲ್ಲು ಕೂಡಿ ಮೂರು ಸಲ ಟಕ್ ಎಂದು ಒಳಗಿಳಿಯಬೇಕು. ನಡುವೆ ಬಾಯಿ ಬಿಟ್ಟವರೇ ಎಲ್ಲ ಬಿಚ್ಚಿ ಮೊದಲಿನಿಂದ ಕೂರಿಸಬೇಕು. ಅಪ್ಪನಿಗೂ ವಿನಾಯಿತಿಯಿಲ್ಲ.

ಈ ಕಟ್ಟಳೆ ಹುಟ್ಟಿದ್ದು ಒಂದು ಅವಮಾನದಿಂದ. ಹಿಂದೊಮ್ಮೆ ಸ್ವಂತ ಕಾರಿನ ಕೆಲಸ ಮಾಡುವಾಗ ಅಪ್ಪ ಅಮ್ಮನ ಜೊತೆ ಜಗಳಕ್ಕಿಳಿದು ಎರಡೇ ಟಕ್‌ಗೆ ನಿಲ್ಲಿಸಿಬಿಟ್ಟ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಬೆರಳಗಲ ಸಂದಿ ಉಳಿಯಿತು. ಬಿಚ್ಚಿ ನೋಡುವುದು ಬಿಟ್ಟು ಬೋಲ್ಟ್ ಬಿಗಿದೇ ಸಂದಿ ಮುಚ್ಚಿದ. ಒಳಗಿನ ಪಂಪ್ ಪಡ್ಚ! ಕಾರು ಪೇಟೆಯ ನಟ್ಟನಡುವೆ ಕೈಕೊಟ್ಟಿತು. ಟೋಯಿಂಗ್ ಗಾಡಿಯವನು ಬಂದು, ಸ್ಟೀರಿಂಗ್ ಬಿಡಲೊಲ್ಲದ ಅಪ್ಪನ ಸಮೇತ ಅದನ್ನು ಮೂತಿಯೆತ್ತಿ ಎಳೆದೊಯ್ದ. ಮೆಕ್ಯಾನಿಕ್ಕಿನ ಕಾರಿಗೇ ಈ ಗತಿ ಎಂದು ಪೇಟೆಗೆ ಪೇಟೆಯೇ ಬಿದ್ದು ಬಿದ್ದು ನಕ್ಕಿತು.

"ಬೇಕೂಂತಲೇ ನಿಧಾನಕ್ಕೆ ಹೋದ ಅವನು!" ಎಂದು ಅಪ್ಪ ಇವತ್ತಿಗೂ ಹಲ್ಲು ಕಡಿಯುತ್ತಾನೆ. ನಿಧಾನಕ್ಕೆ ಹೋದದ್ದು ನಿಜ. ಅವನನ್ನು ಕರೆತರಲು ಅಪ್ಪ ಕಳಿಸಿದ್ದು ನನ್ನನ್ನೇ. ಕಾರನ್ನು ಎಳೆದುಕೊಂಡು ವಾಪಸ್ ಬರುವಾಗ ನಾನು ಅವನ ಪಕ್ಕದ ಸೀಟಿನಲ್ಲಿದ್ದೆ. ದಾರಿ ಬೇಗ ಮುಗಿಯುವುದು ಇಬ್ಬರಿಗೂ ಬೇಡವಾಗಿತ್ತು.

ಮದುವೆಯಾದರೆ ಅವನನ್ನೇ ಎಂದು ಆಗಲೇ ನಿಶ್ಚಯಿಸಿದ್ದೆ. ಆದರೆ ಸ್ಪ್ಯಾನರ್ ಹಿಡಿಯಲು ಕಲಿಸಿದ ಅಪ್ಪನ ಮನಸ್ಸು ನೋಯಿಸಿ ಆಗಲಾರೆ. ಮಾತೆತ್ತಿದರೆ ಸಾಕು, ಅಪ್ಪ "ಶ್! ಕನ್ವರ್ಟರ್!" ಎಂದು ಗೇರ್‌ಬಾಕ್ಸಿನ ಮರೆಗೆ ಜಾರುತ್ತಿದ್ದ. ಕೊನೆಗೆ ನನಗೆ ಹೊಳೆಯಿತು: ಮಾತಾಡಲಾಗದವನಿಗೆ ಬೇಡ ಎನ್ನಲೂ ಆಗುವುದಿಲ್ಲವಲ್ಲ!

ಈ ಸಲ ಅಮ್ಮನನ್ನು ಸಾಕ್ಷಿಗೆ ಸ್ಟೂಲಿನ ಮೇಲೆ ಕೂರಿಸಿದೆ. ಅಪ್ಪ ಕಣ್ಣು ಮುಚ್ಚಿ ಕನ್ವರ್ಟರ್ ತಿರುಗಿಸುತ್ತಿದ್ದ. ಒಂದು ಟಕ್. ಎರಡನೇ ಟಕ್. ಇದೇ ಸಮಯವೆಂದು ಜೋರಾಗಿ ಕೆಮ್ಮಿ ಗಂಟಲು ಸರಿಮಾಡಿಕೊಂಡೆ.

"ಅಪ್ಪ, ನಾನು ಟೋಯಿಂಗ್ ಗಾಡಿಯವನ್ನ ಮದುವೆ ಆಗ್ತೀನಿ. ಬೇಡ ಅನ್ನೋದಾದ್ರೆ ಈಗಲೇ ಹೇಳ್ಬಿಡು. ಮೌನಂ ಸಮ್ಮತಿ ಲಕ್ಷಣಂ."

ಅಪ್ಪನ ಕಿವಿ ಕೆಂಪಾಯಿತು. ಕೈ ಮಾತ್ರ ತಿರುಗಿಸುತ್ತಲೇ ಇತ್ತು. ಕೊನೆಗೂ ಅವನು ಕೈ ತೆಗೆದು ಬಟ್ಟೆಗೆ ಒರೆಸಿಕೊಂಡ.

"ಮೂರನೇ ಟಕ್ ಆಗ್ಲೇ ಇಲ್ವಲ್ಲ?" ಎಂದೆ.

ಅಪ್ಪ ಸ್ಕೇಲನ್ನು ನನ್ನತ್ತ ನೂಕಿದ. ಗೇರ್‌ಬಾಕ್ಸಿನ ಬಾಯಿಗೆ ಅಡ್ಡ ಇಟ್ಟು ಆಳ ಅಳೆದೆ. ಕನ್ವರ್ಟರ್ ಪೂರ್ತಿ ಕೂತಿತ್ತು.

ಅಮ್ಮ ಕಿಸಕ್ಕೆಂದಳು. "ನೀನು ಕೆಮ್ಮಿದಾಗಲೇ ಆಯ್ತು ಕಣೇ ಅದು. ನಿನಗೆಲ್ಲಿ ಕೇಳ್ಬೇಕು!"

ಅಂದರೆ ನಾನು ಮದುವೆಯ ಮಾತೆತ್ತುವ ಮೊದಲೇ ಕೆಲಸ ಮುಗಿದಿತ್ತು. ಅಪ್ಪ ಬೇಡ ಎನ್ನಬಹುದಿತ್ತು. ಅನ್ನದೆ ಸುಮ್ಮಸುಮ್ಮನೆ ತಿರುಗಿಸುತ್ತ ಕೂತಿದ್ದ. ನನಗೆ ಅಳುವೇ ಬಂದುಬಿಟ್ಟಿತು.

"ಅಳೋದೆಲ್ಲ ಆಮೇಲೆ," ಎಂದ ಅಪ್ಪ. "ನಂದೊಂದು ಷರತ್ತಿದೆ. ಮದುವೆ ದಿನ ಅವನ ಗಾಡಿ ಓಡಿಸೋನು ನಾನು. ಅವನು ಹಿಂದೆ ನನ್ನ ಕಾರಲ್ಲಿ ಮೂತಿ ಮೇಲೆ ಮಾಡ್ಕೊಂಡು ಕೂತಿರ್ಲಿ. ಪೇಟೆ ಮೇಲೇ ಹೋಗೋಣ."

ಸ್ವಲ್ಪ ತಡೆದು ಸೇರಿಸಿದ: "ನಿಧಾನಕ್ಕೆ."