ಮೊದಲ ಹದಿನೈದು ನಿಮಿಷ

ದುಷ್ಯಂತ್ ಕಳಿಸಿದ ಪಟ್ಟಿಯಲ್ಲಿ ಹನ್ನೊಂದು ಸಾಮಾನುಗಳಿದ್ದವು. ಮೊದಲನೆಯದು ಜಾಕೆಟ್. ಕಪ್ಪು ಬಣ್ಣ, ಬೆನ್ನ ಮೇಲೆ ಕನ್ನಡದಲ್ಲಿ ‘ಟೆಕ್ಸಾಸ್ ಹಿಮಹುಲಿ’ ಎಂದು ಬರೆಸುವುದು. ಎರಡನೆಯದು ಕ್ಯಾಮೆರಾ. ಹೆಲ್ಮೆಟ್ ಏಳನೆಯದು. ಹಿಮದಡಿ ಸಿಕ್ಕವರನ್ನು ಹುಡುಕುವ ಬೀಕನ್ ಹನ್ನೊಂದನೆಯದು. ಅದರ ಪಕ್ಕದಲ್ಲಿ ‘ಸಾಧ್ಯವಾದರೆ’ ಎಂದು ಬರೆದಿದ್ದ.

ಟೆಕ್ಸಾಸಿನ ರೌಂಡ್ ರಾಕ್‌ನಲ್ಲಿರುವ ನನ್ನ ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ, ಕಾರಿನಲ್ಲಿ ಕೂತು ಅದನ್ನು ಎರಡು ಸಲ ಓದಿದೆ. ಅಕ್ಟೋಬರ್ ತಿಂಗಳು. ಹೊರಗೆ ತೊಂಬತ್ತೈದು ಡಿಗ್ರಿ ಫ್ಯಾರನ್‌ಹೀಟ್, ಸುಡುವ ಬಿಸಿಲು.

ದುಷ್ಯಂತ್ ನನ್ನ ಮೈದುನ. ಹ್ಯೂಸ್ಟನ್ನಿನಲ್ಲಿ ಎಂ.ಎಸ್. ಓದುತ್ತಾನೆ, ಅಲ್ಲೇ ಪಕ್ಕದ ಮಿಸೌರಿ ಸಿಟಿಯಲ್ಲಿ ರೂಮು ಮಾಡಿದ್ದಾನೆ. ಅವನ ಅಣ್ಣ ಅನೂಪ್ ನನ್ನ ಗಂಡ. ಕಳೆದ ಫೆಬ್ರವರಿಯಲ್ಲಿ ಕೊಲರಾಡೊದ ಬೆಟ್ಟದಲ್ಲಿ ಅನೂಪ್ ಹಿಮದ ಮೇಲೆ ಓಡುವ ಗಾಡಿ, ಸ್ನೋಮೊಬೈಲ್, ಓಡಿಸುತ್ತಿದ್ದಾಗ ಇಳಿಜಾರಿನ ಹಿಮ ಕುಸಿದು ಅವನ ಮೇಲೆ ಬಿತ್ತು. ಜೊತೆಗಿದ್ದ ಗೆಳೆಯರು ಕಲ್ಮೇಶ ಮತ್ತು ಬದರಿನಾಥ ಕೈಯಲ್ಲೇ ಅಗೆದರು. ಅವನು ಸಿಕ್ಕಾಗ ನಲವತ್ತು ನಿಮಿಷ ಆಗಿತ್ತು. ಉಸಿರಿರಲಿಲ್ಲ.

ಮೂವರ ಬಳಿಯೂ ಬೀಕನ್ ಇತ್ತು. ಪೆಟ್ಟಿಗೆಯಲ್ಲಿತ್ತು. ಸೀಲ್ ಒಡೆದರೆ ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ. ನಾವೆಲ್ಲ ಹಾಗೇ ಬದುಕಿದವರು. ಕ್ಯಾಂಪಿಂಗಿಗೆ ಟೆಂಟು, ಊರಿನಿಂದ ಯಾರಾದರೂ ಬಂದರೆ ಗಾಳಿ ಹಾಸಿಗೆ, ಇಂಟರ್ವ್ಯೂಗೆ ಸೂಟು. ತರುತ್ತೇವೆ, ಟ್ಯಾಗನ್ನು ಒಳಗೆ ಮಡಚಿ ಬಳಸುತ್ತೇವೆ, ತೊಂಬತ್ತು ದಿನದೊಳಗೆ ವಾಪಸ್ ಕೊಡುತ್ತೇವೆ. “ಬೇಕಾದ್ರೆ ಒಡೆಯೋಣ,” ಎಂದು ಅನೂಪ್ ಅಡುಗೆಮನೆಯಲ್ಲಿ ನನ್ನೆದುರಿಗೇ ಹೇಳಿದ್ದ. ನಾನೂ ಹೂಂ ಎಂದಿದ್ದೆ.

ಆ ಮೂರು ಪೆಟ್ಟಿಗೆಗಳನ್ನು ಮಾರ್ಚಿನಲ್ಲಿ ಯಾರೋ ವಾಪಸ್ ಕೊಟ್ಟು ಬಂದರು. ಯಾರೆಂದು ನಾನು ಕೇಳಲಿಲ್ಲ.

ದುಷ್ಯಂತನಿಗೆ ಫೋನ್ ಮಾಡಿದೆ.

“ನೋಡಿದ್ರಾ ಅತ್ತಿಗೆ?”

“ನೋಡಿದೆ. ತಲೆಕೆಳಗಾಗಿದೆ.”

“ಏನು?”

“ಪಟ್ಟಿ. ಜಾಕೆಟ್ ಮೊದಲು ಯಾಕೆ?”

“ಅದು ಅಣ್ಣನ ಐಡಿಯಾ. ಹೋದ ಸಲ ಪ್ರಿಂಟ್ ಆಗ್ಲಿಲ್ಲ ಅಂತ ಬೇಜಾರ್ ಮಾಡ್ಕೊಂಡಿದ್ದ.” ಆಮೇಲೆ ತಾನಾಗಿಯೇ ಹೇಳಿದ: “ನೀವು ಬೇಡ ಅಂದ್ರೆ ನಾನು ಹೋಗಲ್ಲ.”

ಬೇಡ ಎಂದರೆ ಹೇಳದೆ ಹೋಗುತ್ತಾನೆ. ಅಣ್ಣ ಬಿದ್ದ ಜಾಗವನ್ನು ಕಣ್ಣಾರೆ ನೋಡಬೇಕು ಎಂದು ಎಂಟು ತಿಂಗಳಿಂದ ಹೇಳುತ್ತಿದ್ದ. ಅವನೊಬ್ಬನನ್ನೇ ಕಳಿಸಲಾಗದೆ ಕಲ್ಮೇಶ, ಬದರಿ ಇಬ್ಬರೂ ಹೊರಟಿದ್ದರು. ಫೆಬ್ರವರಿಗೆ ಮೂರು ಗಾಡಿ ಬುಕ್ ಆಗಿದ್ದವು.

“ಹೋಗು,” ಎಂದೆ. “ಆದ್ರೆ ಸಾಮಾನು ನಾನು ಹೇಳಿದ ಕ್ರಮದಲ್ಲಿ. ಮೂವರದ್ದೂ.”

ಯಂತ್ರ ಹೇಗೆ ಕೆಡಬಹುದು ಎಂದು ಮೊದಲೇ ಯೋಚಿಸಿ, ಯಾವುದನ್ನು ಮೊದಲು ತಡೆಯಬೇಕು ಎಂದು ಬರೆದಿಡುವುದು ನನ್ನ ಕೆಲಸ. ಅದಕ್ಕೆ ಸಂಬಳ ಕೊಡುತ್ತಾರೆ. ಮನೆಯಲ್ಲಿ ಎಂದೂ ಮಾಡಿರಲಿಲ್ಲ.

ಆ ಸಂಜೆ ಪಟ್ಟಿಯನ್ನು ಸಮಯದ ಪ್ರಕಾರ ಬರೆದೆ. ಹಿಮದಡಿ ಹೋದವನು ಬದುಕಬೇಕಾದರೆ ಸುಮಾರು ಹದಿನೈದು ನಿಮಿಷದೊಳಗೆ ಹೊರಬರಬೇಕು. ಅಷ್ಟರಲ್ಲಿ ಕೈಗೆ ಬೇಕಾದವು ಬೀಕನ್, ಹಿಮಕ್ಕೆ ಚುಚ್ಚಿ ನೋಡುವ ಉದ್ದನೆಯ ಕೋಲು, ಸಲಿಕೆ. ಹೂತುಹೋದವನ ಬೀಕನ್ ಕಳಿಸುವ ಸಂಕೇತವನ್ನು ಉಳಿದವರ ಬೀಕನ್ ಹಿಡಿದು ದಿಕ್ಕು ತೋರಿಸುತ್ತದೆ. ಅವು ಮೂರೂ ಗಾಡಿಯ ಮೇಲಲ್ಲ, ಮೈಮೇಲಿರಬೇಕು. ಅದರ ಕೆಳಗೆ ಹೆಲ್ಮೆಟ್. ಆಮೇಲೆ ಮೊದಲ ಗಂಟೆಗೆ ಬೇಕಾದವು: ಒಳಗೆ ಉಣ್ಣೆಯ ಬಟ್ಟೆ, ಒದ್ದೆಯಾಗದ ಬೂಟು, ಎರಡು ಜೊತೆ ಗ್ಲವ್ಸ್. ಹತ್ತಿ ಬನಿಯನ್ ಬೇಡವೇ ಬೇಡ. ಅದು ಕುಡಿದ ಬೆವರು ಆರುವುದಿಲ್ಲ, ಮೈಯನ್ನೇ ತಣ್ಣಗಾಗಿಸುತ್ತದೆ. ನೀರು ಒಳಬಿಡದ ಹೊರಬಟ್ಟೆ ಅಲ್ಲೇ ಬಾಡಿಗೆಗೆ ಸಿಗುತ್ತದೆ. ಹಾಗಾಗಿ ಜಾಕೆಟ್ ಕೊನೆಗೆ ಹೋಯಿತು. ಕ್ಯಾಮೆರಾ ಹೊಡೆದು ಹಾಕಿದೆ.

ಶನಿವಾರ ದುಷ್ಯಂತ್ ನನ್ನ ಮನೆಗೆ ಬಂದ. ಇಬ್ಬರೂ ಡಾಲಸ್‌ಗೆ ಡ್ರೈವ್ ಮಾಡಿದೆವು. ಹಿಮದ ಸಾಮಾನು ಮಾರುವ ಅಂಗಡಿಯಲ್ಲಿ ಕಲ್ಮೇಶ ಮತ್ತು ಬದರಿ ಕಾಯುತ್ತಿದ್ದರು. ಕಲ್ಮೇಶ ಧಾರವಾಡದವನು. ನನಗಿಂತ ಆರು ವರ್ಷ ದೊಡ್ಡವನಾದರೂ ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಾನೆ. ಬದರಿ ಟ್ರಯಲ್ ರೂಮಿನಿಂದ ದಪ್ಪ ಪ್ಯಾಂಟು ತೊಟ್ಟು ಹೊರಬಂದ. ಮುಖವೆಲ್ಲ ಬೆವರು.

“ಇಡ್ಲಿ ಕುಕ್ಕರ್ ಒಳಗೆ ಕೂತಂಗಿದೆ ಗುರು.”

“ನೀ ಇಡ್ಲಿ ಅಲ್ಲಪಾ, ಉಬ್ಬಿದ ಹಿಟ್ಟಿನ ಪಾತೇಲಿ,” ಎಂದ ಕಲ್ಮೇಶ. ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದ. “ವೈನಿ, ಬೀಕನ್ ಮೂರು ತೊಗೊಳ್ಳೋಣು. ಸಲಿಕಿ, ಕೋಲು ಒಂದೊಂದ ಸಾಕಲ್ರಿ? ನಾವು ಮೂರೂ ಮಂದಿ ಕೂಡೇ ಇರ್ತೀವಿ.”

“ಸಲಿಕೆ ಇಟ್ಕೊಂಡವನೇ ಒಳಗೆ ಹೋದ್ರೆ?”

ಅವನು ಸಲಿಕೆಗಳ ಸಾಲಿನ ಕಡೆ ನೋಡಿದ.

“ನಿಮ್ಮ ಸಲಿಕೆ ನಿಮಗಲ್ಲ ಕಲ್ಮೇಶ್. ದುಷ್ಯಂತನಿಗೆ. ಅವನದ್ದು ನಿಮಗೆ. ನಿಮಗೋಸ್ಕರ ಅಂತಿದ್ರೆ ಬೇಡ ಅನ್ನಿ. ಅವನಿಗೋಸ್ಕರ ಬೇಡ ಅನ್ನಿ ನೋಡೋಣ.”

ಕಲ್ಮೇಶ ಹೋಗಿ ಮೂರು ಸಲಿಕೆ ತಂದ.

ಕೌಂಟರಿನ ಹುಡುಗಿ ನಗುತ್ತ ತೊಂಬತ್ತು ದಿನದ ವಿಷಯ ಹೇಳಿದಳು. ನಾನು ಕತ್ತರಿ ಕೇಳಿದೆ. ದುಷ್ಯಂತನ ಬೀಕನ್ನಿನ ಸೀಲ್ ಅಲ್ಲೇ ಕತ್ತರಿಸಿದೆ. ಬದರಿ ತನ್ನದನ್ನು ತಾನೇ ಮುಂದೆ ತಳ್ಳಿದ. ಕಲ್ಮೇಶ ಪೆಟ್ಟಿಗೆಯನ್ನು ಎದೆಗೆ ಹಿಡಿದುಕೊಂಡು ನಿಂತಿದ್ದ.

“ಮನಿಯಾಗ ಒಡಿತೀನ್ರಿ ವೈನಿ.”

“ಇಲ್ಲೇ.”

ಹಿಂದೆ ಸಾಲು ಬೆಳೆಯುತ್ತಿತ್ತು. ಅವನು ಕತ್ತರಿ ತೆಗೆದುಕೊಳ್ಳಲಿಲ್ಲ. ಕಾರಿನ ಕೀಯಿಂದ ಪ್ಲಾಸ್ಟಿಕ್ ಹರಿದ. ನಾಲ್ಕೈದು ಸಲ ಹರಿಯಬೇಕಾಯಿತು.

ಮುಂದಿನ ಭಾನುವಾರ ಡಾಲಸ್ ಪಕ್ಕದ ಅಲೆನ್‌ನಲ್ಲಿ ಕಲ್ಮೇಶನ ಮನೆ ಮುಂದಿನ ಡ್ರೈವ್‌ವೇಯಲ್ಲಿ ಸೇರಿದೆವು. ತೋಟಕ್ಕೆ ಹಾಕಲು ತರಿಸಿದ ಮರದ ಚಕ್ಕೆಯ ರಾಶಿ ಅಲ್ಲಿತ್ತು, ಎದೆಮಟ್ಟ. ಟೆಕ್ಸಾಸಿನಲ್ಲಿ ಹಿಮಕ್ಕೆ ಅಷ್ಟೇ ಬದಲಿ. ಎರಡು ಅಕ್ಕಿ ಚೀಲ ಸೇರಿಸಿ ಹೊಲಿದು, ಹಳೆಯ ಬಟ್ಟೆ ತುಂಬಿ, ಒಳಗೆ ದುಷ್ಯಂತನ ಬೀಕನ್ ಆನ್ ಮಾಡಿಟ್ಟೆ. ಗಂಡಸರು ಒಳಗೆ ಕಾಫಿ ಕುಡಿಯುವಾಗ ನಾನೂ ಕಲ್ಮೇಶನ ಹೆಂಡತಿ ಮೃಣಾಲಿನಿಯೂ ಅದನ್ನು ಹೂತೆವು.

“ಎದುರುಮನೆ ಅಜ್ಜಿ ಪರದೆ ಸರಿಸಿ ನೋಡ್ತಿದ್ದಾಳೆ,” ಎಂದಳು ಮೃಣಾಲಿನಿ. “ಹೆಣ ಹೂತಿದ್ದಾರೆ ಅಂತ ಪೊಲೀಸ್ ಕರೀತಾಳೆ ಅಷ್ಟೆ.” ಹೇಳಿ ಬಾಯಿ ಮುಚ್ಚಿಕೊಂಡಳು.

“ಕರೀಲಿ,” ಎಂದೆ. “ಇನ್ನೂ ಎರಡು ಬುಟ್ಟಿ ಸುರಿ.”

ಸ್ಟಾಪ್‌ವಾಚ್ ದುಷ್ಯಂತನ ಕೈಯಲ್ಲಿತ್ತು. ಆ ಚೀಲವೇ ಅವನೆಂದು ಲೆಕ್ಕ. ಒಳಗಿರುವವನು ಅವನೇ ಆದ್ದರಿಂದ ಅವನು ಅಗೆಯುವಂತಿಲ್ಲ. ಅವನ ಸಲಿಕೆಯನ್ನೂ ಬಳಸುವಂತಿಲ್ಲ. ಅದು ಅವನ ಬೆನ್ನಿಗಿದೆ.

ಮೊದಲ ಸಲ ಬದರಿಯ ಬೀಕನ್ ದಿಕ್ಕು ತಪ್ಪಿ ಗ್ಯಾರೇಜಿನ ಕಡೆ ತೋರಿಸಿತು. ಅವನು ಅದನ್ನು ಎದೆಯ ಹತ್ತಿರ ಹಿಡಿದಿದ್ದ, ಅಲ್ಲೇ ಜೇಬಿನಲ್ಲಿದ್ದ ಫೋನು ಸಂಕೇತ ಕೆಡಿಸಿತ್ತು. ಕಲ್ಮೇಶ ರಾಶಿಯ ನೆತ್ತಿ ಹತ್ತಿ ಅಗೆದ, ಚೀಲದ ಮೇಲೇ ನಿಂತು. ಇಪ್ಪತ್ತೆರಡು ನಿಮಿಷ.

“ನಾನು ಹೋದೆ,” ಎಂದ ದುಷ್ಯಂತ್. ಯಾರೂ ನಗಲಿಲ್ಲ.

ಎರಡನೆಯ ಸಲ ಫೋನು ಆಫ್ ಆಯಿತು. ಮೂರು ನಿಮಿಷಕ್ಕೆ ಕೋಲು ಚೀಲಕ್ಕೆ ತಾಗಿತು. ಕೋಲನ್ನು ಅಲ್ಲೇ ಬಿಟ್ಟು, ಇಳಿಜಾರಿನ ಕಡೆಯಿಂದ ಅಗೆಯಲು ಹೇಳಿದೆ. ಹದಿನೇಳು. ಮೂರನೆಯ ಸಲ ಹದಿನೆಂಟು. ಹುಡುಕುವುದು ಬೇಗ ಆಗುತ್ತಿತ್ತು. ತಡವಾಗುತ್ತಿದ್ದದ್ದು ಅಗೆತ. ಇಬ್ಬರ ತೋಳುಗಳೂ ಸೋತಿದ್ದವು.

“ಕುಸಿದ ಹಿಮ ಇದಕ್ಕಿಂತ ಗಟ್ಟಿ,” ಎಂದೆ. “ಸಿಮೆಂಟಿನ ಥರ ಕಚ್ಚಿಕೊಳ್ಳುತ್ತಂತೆ.”

“ಗೊತ್ತದರಿ,” ಎಂದ ಕಲ್ಮೇಶ. ತನ್ನ ಬೆರಳುಗಳನ್ನು ನೋಡುತ್ತಿದ್ದ. “ನನಗ ಗೊತ್ತದ.”

ಅವನಿಗೆ ನೀರು ಕೊಟ್ಟೆ. ಗೋಡೆಗೆ ಒರಗಿಸಿದ್ದ ಮೃಣಾಲಿನಿಯ ತೋಟದ ಸಲಿಕೆ ತೆಗೆದುಕೊಂಡೆ. “ಇನ್ನೊಂದು ಸಲ. ಒಬ್ಬರು ಕತ್ತರಿಸೋದು, ಹಿಂದಿನಿಬ್ಬರು ಎಳೆದು ಹಾಕೋದು. ನಿಮಿಷಕ್ಕೊಮ್ಮೆ ಜಾಗ ಬದಲಿಸೋಣ.”

ಮೃಣಾಲಿನಿ ಬೇರೆ ಕಡೆ ಹೂತಳು. ದುಷ್ಯಂತ್ ಶುರು ಎಂದ. ಬದರಿ ಹುಡುಕಿದ, ಕೋಲು ತಾಗಿತು, ಮೂವರೂ ಅಗೆದೆವು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆಯಿತು. ಎಂಟು ತಿಂಗಳಲ್ಲಿ ಮೈಯ ಯಾವುದಾದರೂ ಭಾಗ ನೋಯುತ್ತಿದೆ ಎಂದು ನನಗೆ ತಿಳಿದದ್ದು ಅದೇ ಮೊದಲು. ಚೀಲದ ಬಾಯಿ ಕಂಡಾಗ ದುಷ್ಯಂತ್ ಕೂಗಿದ: “ಒಂಬತ್ತು ನಲವತ್ತು!”

ನೆರಳಿಗೆ ಹೋಗಿ ಕೂತೆವು.

“ಮೂರು ಜನ ಅಗೆಯೋಕೆ ಬೇಕು ಅಂದ್ರೆ ನಾಲ್ಕು ಜನ ಹೋಗ್ಬೇಕು,” ಎಂದ ಬದರಿ. “ಸಂಗನಬಸಪ್ಪನ್ನ ಕೇಳೋಣ್ವಾ?”

“ಅಂವಾ? ಜ್ಯೂಸಿನ್ಯಾಗ ಐಸ್ ಹಾಕಿದ್ರ ಮಫ್ಲರ್ ಸುತ್ತಿಕೊಳ್ಳೋ ಮನಿಷಾ,” ಎಂದ ಕಲ್ಮೇಶ.

ದುಷ್ಯಂತ್ ನನ್ನ ಅಂಗೈ ನೋಡುತ್ತಿದ್ದ. “ಅತ್ತಿಗೆ, ಬಿಟ್ಬಿಡೋಣ. ಕ್ಯಾನ್ಸಲ್ ಮಾಡ್ತೀನಿ. ನಿಜವಾಗ್ಲೂ.”

ಈ ಸಲ ನಿಜವಾಗಿಯೇ ಹೇಳಿದ. ಹೂಂ ಎಂದರೆ ಮುಗಿಯುತ್ತಿತ್ತು. ಈ ಫೆಬ್ರವರಿಗೆ ಮುಗಿಯುತ್ತಿತ್ತು. ಅದರಾಚೆಗಿನ ಫೆಬ್ರವರಿಗಳಲ್ಲಿ ಅವನು ಯಾರ ಜೊತೆ ಹೋಗುತ್ತಾನೋ, ಅವರ ಬೆನ್ನಿಗೆ ಸಲಿಕೆ ಇರುತ್ತದೋ ಇಲ್ಲವೋ. ಅದಲ್ಲದೆ, ಆ ಜಾಗವನ್ನು ನನಗೂ ನೋಡಬೇಕಿತ್ತು. ಅದನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

“ನಾಲ್ಕನೇ ಗಾಡಿ ಸಿಗುತ್ತಾ ವಿಚಾರಿಸಿ,” ಎಂದೆ.

“ಯಾರಿಗೆ?” ಎಂದ ಬದರಿ.

“ನನಗೆ.”

“ವೈನಿ, ನೀವು ಎಂದಾರ ಗಾಡಿ ಹೊಡದೀರೇನ್ರಿ?” ಎಂದ ಕಲ್ಮೇಶ.

“ಇಲ್ಲ. ನಾಲ್ಕು ತಿಂಗಳಿದೆ. ಅಲ್ಲಿಗೆ ಎರಡು ದಿನ ಮುಂಚೆ ಹೋಗಿ ಗಾಡಿ ಕಲೀತೀನಿ. ಹಿಮ ಕುಸಿಯೋದರ ಬಗ್ಗೆ ಕ್ಲಾಸ್ ಇದೆ, ಅದನ್ನ ನಾಲ್ವರೂ ಮಾಡ್ತೀವಿ. ಆವತ್ತು ಬೆಳಿಗ್ಗೆ ಅಲ್ಲಿಯವರು ಇಳಿಜಾರು ಸರಿಯಿಲ್ಲ ಅಂದ್ರೆ ಕೆಳಗೇ ನಿಂತು ನೋಡಿ ವಾಪಸ್ ಬರ್ತೀವಿ. ಅಲ್ಲಿವರೆಗೆ ಪ್ರತಿ ಭಾನುವಾರ ಇಲ್ಲಿ.”

“ಪ್ರತಿ ಭಾನುವಾರಾನಾ?” ಮೃಣಾಲಿನಿ ರಾಶಿಯ ಕಡೆ ನೋಡಿದಳು. “ನನ್ನ ಗುಲಾಬಿಗಿಡದ ಗತಿ?”

“ಫೆಬ್ರವರಿವರೆಗೆ ಕಾಯಲಿ.”

ಕಲ್ಮೇಶ ಎದ್ದ. ಮಂಡಿಗೆ ಅಂಟಿದ ಚಕ್ಕೆ ಕೊಡವಿಕೊಂಡ. “ಹಂಗಾರ ಇನ್ನೊಂದು ಸಲ ಮಾಡೋಣ ಬರ್ರಿ. ಈ ಸಲ ದುಷ್ಯಂತನೂ ಅಗೀಲಿ.”

“ಹಾಗಾದ್ರೆ ಒಳಗಿರೋದು ಯಾರು?” ಎಂದ ದುಷ್ಯಂತ್.

“ನಾನು,” ಎಂದೆ.

ಸ್ಟಾಪ್‌ವಾಚ್ ಇಸಿದುಕೊಂಡು ಪಕ್ಕಕ್ಕೆ ಸರಿದು ನಿಂತೆ. ಮೃಣಾಲಿನಿ ಚೀಲವನ್ನು ಎಳೆದುಕೊಂಡು ಹೋಗಿ ಹೂತು ಬಂದಳು. ಮೂವರೂ ಸಲಿಕೆ ಬೆನ್ನಿಗೆ ಕಟ್ಟಿಕೊಂಡು, ಫೋನು ಆಫ್ ಮಾಡಿ ಸಾಲಾಗಿ ನಿಂತರು. ಕಲ್ಮೇಶ, ಬದರಿ ಬೀಕನ್ ಕೈಗೆ ತೆಗೆದುಕೊಂಡರು; ದುಷ್ಯಂತನದ್ದು ಚೀಲದಲ್ಲಿದ್ದುದರಿಂದ ಅವನು ಕೋಲು ಹಿಡಿದ.

“ಹುಡುಕಿ,” ಎಂದೆ.